ಬೆಲ್ಟ್ ಜಾರುತ್ತದೆ, ಬುಷ್ ಸುಡುತ್ತದೆ: ಒಂದು ಪಲ್ಪರ್ ರಿಪೇರಿ

ನಮ್ಮದು ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ತೋಟ. ಅರೇಬಿಕಾ ಜಾಸ್ತಿ, ಕೆಳಗಿನ ಬದಿಯಲ್ಲಿ ಸ್ವಲ್ಪ ರೋಬಸ್ಟಾ. ಪಾರ್ಚ್‌ಮೆಂಟ್ (ಸಿಪ್ಪೆ, ಲೋಳೆ ತೆಗೆದು ಒಣಗಿಸಿದ ಕಾಫಿ ಬೀಜ) ಮಾಡಬೇಕೆಂದರೆ ಹಣ್ಣು ಕೊಯ್ದ ದಿನವೇ ಸಿಪ್ಪೆ ಬಿಡಿಸಬೇಕು. ರಾತ್ರಿ ಕಳೆಯಲು ಬಿಟ್ಟರೆ ಮೂಟೆಯೊಳಗೇ ಹಣ್ಣು ಬಿಸಿಯಾಗಿ ಹುಳಿ ಬರುತ್ತದೆ. ಹಾಗಾಗಿ ನವೆಂಬರ್‌ನಿಂದ ಜನವರಿವರೆಗೆ ನಮ್ಮ ಮನೆಯಲ್ಲಿ ಸಿಪ್ಪೆ ಬಿಡಿಸುವ ಪಲ್ಪರ್‌ಗಿಂತ ಮುಖ್ಯವಾದ ಯಂತ್ರ ಇನ್ನೊಂದಿಲ್ಲ.

ಇದು ಡ್ರಮ್ ಇರುವ ಹಳೆಯ ಬೇಬಿ ಪಲ್ಪರ್. ಡ್ರಮ್ಮಿನ ಮೈಗೆ ತಾಮ್ರದ ತಗಡು, ತಗಡಿನ ತುಂಬ ಸಣ್ಣ ಸಣ್ಣ ಉಬ್ಬು. ಎದುರಿಗೆ ಅಲುಗಾಡದ ಒಂದು ಪಟ್ಟಿ. ಹಣ್ಣು ನೀರಿನ ಜೊತೆ ಇವೆರಡರ ಸಂದಿಗೆ ಬೀಳುತ್ತದೆ. ಉಬ್ಬುಗಳು ಸಿಪ್ಪೆಯನ್ನು ಹಿಡಿದು ಎಳೆಯುತ್ತವೆ. ಒಳಗಿನ ಬೀಜಕ್ಕೆ ಲೋಳೆ ಇರುವುದರಿಂದ ಅದು ಜಾರಿ ಈಚೆ ಬರುತ್ತದೆ. ಸಿಪ್ಪೆಗೆ ಹಿಡಿತ ಬೇಕು, ಬೀಜಕ್ಕೆ ಹಿಡಿತ ಇರಬಾರದು. ಇಡೀ ಯಂತ್ರ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಈ ಸಲ ಮಳೆಗಾಲ ಮುಗಿದ ಮೇಲೆ ಮೊದಲ ಬಾರಿ ಓಡಿಸಿದಾಗ, ಹಣ್ಣು ಹಾಕದೆ ಇರುವವರೆಗೆ ಎಲ್ಲ ಸರಿಯಾಗಿತ್ತು. ಒಂದು ಬುಟ್ಟಿ ಹಣ್ಣು ಸುರಿದ ತಕ್ಷಣ ಬೆಲ್ಟ್ ಕಿರ್ರೆಂದು ಕಿರುಚಿತು. ಸುಟ್ಟ ರಬ್ಬರ್ ವಾಸನೆ ಬಂತು. ಮೋಟರ್ ತಿರುಗುತ್ತಲೇ ಇದೆ, ಡ್ರಮ್ ಮಾತ್ರ ನಿಂತೇ ಹೋಯಿತು ಅನ್ನುವಷ್ಟು ನಿಧಾನ. ಸ್ವಿಚ್ ಆಫ್ ಮಾಡಿ ಡ್ರಮ್ಮಿನ ಅಚ್ಚು (ಶಾಫ್ಟ್) ಎರಡೂ ಬದಿಯಲ್ಲಿ ಕೂತು ತಿರುಗುವ ಲೋಹದ ಬಳೆಗಳನ್ನು, ಅಂದರೆ ಬುಷ್‌ಗಳನ್ನು ಮುಟ್ಟಿ ನೋಡಿದೆ. ಒಂದು ಬದಿ ಉಗುರುಬೆಚ್ಚಗೆ. ಬೆಲ್ಟ್ ಚಕ್ರ ಇರುವ ಬದಿಯದ್ದರ ಮೇಲೆ ಬೆರಳು ಇಡಲಾಗಲಿಲ್ಲ.

ದೊಡ್ಡಪ್ಪ ಬಂದು ನೋಡಿದರು. "ಬೆಲ್ಟ್ ಇನ್ನೊಂಚೂರು ಬಿಗಿ ಮಾಡು ಮಗಾ, ಓಡ್ತದೆ" ಅಂದರು. ಅವರ ಮಾತು ಸುಳ್ಳಲ್ಲ. ಬಿಗಿ ಮಾಡಿದರೆ ಆ ದಿನದ ಹಣ್ಣು ಮುಗಿಯುತ್ತದೆ. "ಓಡ್ತದೆ ದೊಡ್ಡಪ್ಪ, ಆದ್ರೆ ಈ ಬುಷ್ ಇನ್ನೂ ಸುಡ್ತದೆ" ಅಂದೆ. ಅವರೂ ಬುಷ್ ಮೇಲೆ ಕೈ ಇಟ್ಟು ತಕ್ಷಣ ತೆಗೆದರು. "ಹಾಗಾದ್ರೆ ಬಿಚ್ಚು" ಅಂದರು.

ಈ ಬರಹ ಬಿಚ್ಚಿದ ಮೇಲೆ ಕಂಡದ್ದರ ಬಗ್ಗೆ. ಹಲವರ ಮನೆಯಲ್ಲಿ ಇದೇ ತೊಂದರೆ ಇರುತ್ತದೆ. ಅದು ಪಲ್ಪರ್‌ನಲ್ಲೇ ಇರಬೇಕೆಂದೇನೂ ಇಲ್ಲ, ಹಿಟ್ಟಿನ ಗಿರಣಿಯಲ್ಲಿ, ಹುಲ್ಲು ಕತ್ತರಿಸುವ ಯಂತ್ರದಲ್ಲಿ, ಬೆಲ್ಟ್ ಇರುವ ಎಲ್ಲ ಕಡೆ ಇರಬಹುದು. ಬೆಲ್ಟ್ ಜಾರುವುದು ಒಂದು ರೋಗ, ಬುಷ್ ಸುಡುವುದು ಇನ್ನೊಂದು ರೋಗ ಅಂತ ನಾವು ಬೇರೆ ಬೇರೆ ನೋಡುತ್ತೇವೆ. ಎರಡೂ ಒಂದಕ್ಕೊಂದು ಕಟ್ಟಿಕೊಂಡಿವೆ.

ಮೊದಲು ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಂಡೆ. ಬೆಲ್ಟ್ ಕೆಲಸ ಮಾಡುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಯಾರಾದರೂ ಗೊತ್ತಿಲ್ಲದೆ ಬಂದು ಹಾಕಿಬಿಡುತ್ತಾರೆ. ಆಮೇಲೆ ಬೆಲ್ಟ್ ಕಳಚಿ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದೆ. ಚೆನ್ನಾಗಿರುವ ಡ್ರಮ್ ಒಂದು ಸಲ ತಳ್ಳಿದರೆ ಕೆಲವು ಸುತ್ತು ತಾನೇ ಹೋಗಬೇಕು. ಇದು ಅರ್ಧ ಸುತ್ತಿಗೇ ನಿಂತಿತು. ನಿಂತಲ್ಲಿಂದ ಹೊರಡಿಸೋಕೆ ಬೇಕಾದ ಬಲ, ಹೊರಟ ಮೇಲೆ ಓಡಿಸೋಕೆ ಬೇಕಾದ ಬಲಕ್ಕಿಂತ ಜಾಸ್ತಿ. ಇದು ಸಾಮಾನ್ಯವಾಗಿ ಘರ್ಷಣೆಯ ಗುಣ. ನಮ್ಮ ಊರಿನಲ್ಲಿ ಸಂಜೆ ಹೊತ್ತು ಕರೆಂಟ್ ಇಳಿಯುತ್ತದೆ. ಇಂಥ ಮೋಟರಿನ ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಇದ್ದರೆ ಬಲ ಉಳಿಯುವುದು ನೂರಕ್ಕೆ ಸುಮಾರು 60 ಭಾಗ ಮಾತ್ರ. ಬುಷ್ ಹಿಡಿದುಕೊಂಡಿದ್ದರೆ ಅಂಥ ಸಂಜೆ ಮೋಟರ್ ಗುಂಯ್ ಅಂತ ನಿಂತುಬಿಡುತ್ತದೆ. ಕೊಯ್ಲಿನ ಹಣ್ಣು ಬರುವುದು ಸಂಜೆಯೇ ಅಲ್ವಾ.

ಬುಷ್‌ನ ಮೇಲಿನ ಮುಚ್ಚಳ ಬಿಚ್ಚಿದಾಗ ಗ್ರೀಸ್ ಅನ್ನುವಂಥದ್ದು ಏನೂ ಇರಲಿಲ್ಲ. ಒಣಗಿ ಕಪ್ಪಾದ ಹೆಂಟೆ, ಅದರಲ್ಲಿ ಕಾಫಿ ಲೋಳೆ, ಕೆಮ್ಮಣ್ಣು, ಎರಡು ಸಿಪ್ಪೆಯ ಚೂರು. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದೆ. ಬುಷ್ ಗನ್‌ಮೆಟಲ್‌ನದ್ದು, ತಾಮ್ರ, ತವರ, ಸತು ಸೇರಿದ ಮಿಶ್ರಲೋಹ. ಶಾಫ್ಟ್‌ನ ಉಕ್ಕಿಗಿಂತ ಮೆತ್ತಗಿರುತ್ತದೆ, ಸವೆಯುವುದಿದ್ದರೆ ಬುಷ್ ಸವೆಯಲಿ, ಶಾಫ್ಟ್ ಉಳಿಯಲಿ ಅಂತಲೇ ಹಾಗೆ ಮಾಡುವುದು. ಸವೆದಿತ್ತು. ಆದರೆ ಸವೆದ ಜಾಗ ನೋಡಿ. ಡ್ರಮ್ಮಿನ ತೂಕಕ್ಕೆ ಸವೆದಿದ್ದರೆ ಅಡಿಯಲ್ಲಿ ಸವೆಯಬೇಕಿತ್ತು. ಇಲ್ಲಿ ತೂತು ಮೊಟ್ಟೆಯಾಕಾರಕ್ಕೆ ಬಂದಿತ್ತು, ಮೊಟ್ಟೆಯ ಚೂಪು ಮೋಟರಿನ ಕಡೆಗೆ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿದರೆ ಆ ಬದಿಯಲ್ಲಿ ಅರ್ಧ ಮಿಲಿಮೀಟರಿಗೂ ಮೇಲೆ ಹೋಯಿತು.

ಅಂದರೆ ಬುಷ್ ತಿಂದದ್ದು ಡ್ರಮ್ಮಿನ ಭಾರ ಅಲ್ಲ, ಬೆಲ್ಟ್‌ನ ಎಳೆತ. ವರ್ಷ ವರ್ಷ ಬಿಗಿ ಮಾಡುತ್ತ ಬಂದ ಎಳೆತ.

ಇಲ್ಲಿ ಒಂದು ಹಳೆಯ ನಿಯಮ ನೆನಪು ಮಾಡಿಕೊಳ್ಳಬೇಕು. 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮಾಂಟನ್ ಎರಡು ಮಾತು ಹೇಳಿದ. ಘರ್ಷಣೆ ಭಾರಕ್ಕೆ ತಕ್ಕಂತೆ ಏರುತ್ತದೆ. ಮುಟ್ಟುವ ಮೇಲ್ಮೈ ದೊಡ್ಡದೋ ಚಿಕ್ಕದೋ ಅನ್ನುವುದರಿಂದ ಅದು ಬದಲಾಗುವುದಿಲ್ಲ. ಅವನಿಗೂ ಸುಮಾರು ಇನ್ನೂರು ವರ್ಷ ಮೊದಲೇ ಲಿಯೊನಾರ್ಡೊ ಡ ವಿಂಚಿ ಇದನ್ನು ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದ, ಆದರೆ ಅವು ಪ್ರಕಟವಾಗಿರಲಿಲ್ಲ. ಎರಡನೆಯ ಮಾತು ನಂಬೋಕೆ ಕಷ್ಟ. ಬುಷ್ ಉದ್ದ ಮಾಡಿಸಿದರೆ ಉಜ್ಜುವ ಜಾಗ ಜಾಸ್ತಿಯಾಗಿ ಇನ್ನೂ ಬಿಗಿಯಾಗುತ್ತದೆ ಅಂತ ಅನ್ನಿಸುತ್ತದೆ. ಹಾಗಾಗುವುದಿಲ್ಲ. ಎಷ್ಟೇ ನುಣುಪು ಮಾಡಿದರೂ ಲೋಹದ ಮೈ ಹತ್ತಿರದಿಂದ ಉಬ್ಬು ತಗ್ಗೇ. ಎರಡು ಮೈ ನಿಜವಾಗಿ ಮುಟ್ಟುವುದು ಉಬ್ಬಿನ ತುದಿಗಳಲ್ಲಿ ಮಾತ್ರ, ಆ ತುದಿಗಳು ಎಷ್ಟು ಚಪ್ಪಟೆಯಾಗುತ್ತವೆ ಅನ್ನುವುದನ್ನು ಭಾರ ನಿರ್ಧರಿಸುತ್ತದೆ. ಉದ್ದ ಬುಷ್‌ನಿಂದ ಲಾಭ ಇದೆ, ಅದು ಬೇರೆ ಥರದ್ದು. ಬಿಸಿ ಹಂಚಿ ಹೋಗುತ್ತದೆ, ಸವೆತ ನಿಧಾನವಾಗುತ್ತದೆ.

ಶಾಫ್ಟ್ ಮೇಲೆ ಉಗುರು ಎಳೆದರೆ ತಡೆಯುವಷ್ಟು ಗೀರು ಇತ್ತು. ಎಮರಿ ಪೇಪರನ್ನು ಪಟ್ಟಿಯಾಗಿ ಹರಿದು ಶಾಫ್ಟ್‌ಗೆ ಸುತ್ತಿ, ಎರಡು ತುದಿ ಹಿಡಿದು ಮೊಸರು ಕಡೆದ ಹಾಗೆ ಎಳೆದಾಡಿದೆ. ಮೊದಲು ಒರಟು ಪೇಪರ್, ಆಮೇಲೆ ನುಣುಪಿನದ್ದು, ಕೊನೆಗೆ ಎಣ್ಣೆ ಹಚ್ಚಿ. ಇದಕ್ಕೆ ಆತುರ ಮಾಡಬಾರದು. ಒಂದೇ ಜಾಗದಲ್ಲಿ ಜಾಸ್ತಿ ಉಜ್ಜಿದರೆ ಶಾಫ್ಟ್‌ನ ಸೊಂಟ ಸಣ್ಣಗಾಗುತ್ತದೆ.

ಹಳೆಯ ಬುಷ್ ಹಿಡಿದುಕೊಂಡು ಕುಶಾಲನಗರದ ಒಂದು ಲೇತ್ (ಲೋಹ ಕಡೆಯುವ ಯಂತ್ರ) ಅಂಗಡಿಗೆ ಹೋದೆ. ಲೇತ್‌ನವರು ನಮ್ಮ ತಂದೆಯ ಕಾಲದಿಂದ ಗೊತ್ತಿರುವವರು. "ಎಷ್ಟು ಲೂಸ್ ಬಿಡ್ಲಿ?" ಅಂತ ಅವರೇ ಕೇಳಿದರು. ಗ್ರೀಸಿನ ಪೊರೆಗೆ ಜಾಗ ಬೇಕು. ಇಂಚಿಗೆ ಇಂಚಿನ ಸಾವಿರದ ಒಂದು ಭಾಗ ಅನ್ನುವುದು ಹಳೆಯ ಲೆಕ್ಕ. ನಮ್ಮ ಶಾಫ್ಟ್ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್. ಲೆಕ್ಕದ ಪ್ರಕಾರ 0.04 ಸಾಕು. ಆದರೆ ಇದು ನೀರು, ಮಣ್ಣಿನ ನಡುವೆ ನಿಧಾನವಾಗಿ ತಿರುಗುವ ಯಂತ್ರ, 0.06 ಬಿಡಿ ಅಂದೆ. ಅವರು ತಲೆಯಾಡಿಸಿ, "ಅಣ್ಣಾ, ಗ್ರೀಸ್ ಗಾಡಿ ಯಾವ ಕಡೆ ಹೊಡೀಲಿ?" ಅಂದರು. ಗಾಡಿ ಅಂದರೆ ಬುಷ್‌ನ ಒಳಮೈಯಲ್ಲಿ ಗ್ರೀಸ್ ಹರಿಯಲು ಕೊರೆಯುವ ಕಾಲುವೆ. ಈ ಪ್ರಶ್ನೆ ಕೇಳುವ ಲೇತ್‌ನವರು ಸಿಕ್ಕರೆ ಬಿಡಬೇಡಿ. ಭಾರ ಬೀಳುವ ಕಡೆ ಗಾಡಿ ಕೊರೆದರೆ ಅಲ್ಲೇ ಪೊರೆ ಹರಿದು ಹೋಗುತ್ತದೆ. ಮೋಟರಿಗೆ ಬೆನ್ನಾಗಿರುವ ಕಡೆ ಕೊರೆಯಬೇಕು, ಭಾರ ಇಲ್ಲದ ಜಾಗದಲ್ಲಿ ಒಳಗೆ ಹೋದ ಗ್ರೀಸನ್ನು ಶಾಫ್ಟ್ ತಾನೇ ಎಳೆದುಕೊಂಡು ಭಾರದ ಜಾಗಕ್ಕೆ ಒಯ್ಯುತ್ತದೆ.

ಪೊರೆ ನಿಂತರೆ ಲೋಹಕ್ಕೆ ಲೋಹ ಮುಟ್ಟುವುದಿಲ್ಲ. ಉಜ್ಜುವುದು ಗ್ರೀಸಿಗೆ ಗ್ರೀಸ್. ವೇಗ ಇದ್ದಷ್ಟೂ ಪೊರೆ ಚೆನ್ನಾಗಿ ನಿಲ್ಲುತ್ತದೆ. ನಮ್ಮ ಡ್ರಮ್ ನಿಮಿಷಕ್ಕೆ 180 ಸುತ್ತು ಮಾತ್ರ. ಅದಕ್ಕೇ ತೆಳು ಎಣ್ಣೆ ಸಾಲದು, ದಪ್ಪ ಗ್ರೀಸೇ ಬೇಕು. ನೀರು ಬೀಳುವ ಜಾಗವಾದ್ದರಿಂದ ನೀರಿಗೆ ತಡೆಯುವ ಗ್ರೀಸ್ ಹಾಕಿ, ಬುಷ್‌ನ ಎರಡೂ ಬಾಯಿಗೆ ಫೆಲ್ಟ್ ಬಳೆ ಕೂರಿಸಿದೆ. ಮಣ್ಣು ಒಳಗೆ ಹೋಗಬಾರದು. ಗ್ರೀಸಿನೊಳಗೆ ಸೇರಿದ ಮರಳು ಎಮರಿ ಪೇಪರ್ ಮಾಡುವ ಕೆಲಸವನ್ನೇ ಮಾಡುತ್ತದೆ.

ಇನ್ನು ಬೆಲ್ಟ್.

ಇಷ್ಟು ಬಿಗಿ ಮಾಡಿದರೂ ಯಾಕೆ ಜಾರುತ್ತಿತ್ತು? ಉತ್ತರ ಮೋಟರ್ ಪುಲ್ಲಿಯ, ಅಂದರೆ ಬೆಲ್ಟ್ ಕೂರುವ ಸಣ್ಣ ಚಕ್ರದ, ಒಳಗೆ ಇತ್ತು. ಟಾರ್ಚ್ ಬಿಟ್ಟು ನೋಡಿದರೆ ಕಾಲುವೆಯ ತಳ ಕನ್ನಡಿಯಂತೆ ಹೊಳೆಯುತ್ತಿತ್ತು. ವಿ ಬೆಲ್ಟ್ ಇರುವ ಯಾವ ಪುಲ್ಲಿಯಲ್ಲೂ ತಳ ಹೊಳೆಯಬಾರದು. ಹೊಳೆಯಬೇಕಾದ್ದು ಎರಡು ಗೋಡೆ. ವಿ ಬೆಲ್ಟ್ ಗೋಡೆಗಳ ನಡುವೆ ಬೆಣೆಯಾಗಿ ಸಿಕ್ಕಿಕೊಂಡು ಎಳೆಯುತ್ತದೆ, ತಳಕ್ಕೆ ತಾಗುವುದೇ ಇಲ್ಲ. ನಮ್ಮ ಪುಲ್ಲಿಯ ಗೋಡೆ ಸವೆದು ಕಾಲುವೆ ಅಗಲವಾಗಿ, ಬೆಲ್ಟ್ ಕೆಳಗಿಳಿದು ತಳದ ಮೇಲೆ ಕೂತಿತ್ತು. ಹೆಸರಿಗೆ ವಿ ಬೆಲ್ಟ್, ಕೆಲಸದಲ್ಲಿ ಚಪ್ಪಟೆ ಬೆಲ್ಟ್.

ಇದರಿಂದ ಎಷ್ಟು ನಷ್ಟ ಅಂತ ಲೆಕ್ಕ ಹಾಕಿದೆ. ಬೆಲ್ಟ್‌ಗೆ ಎರಡು ಬದಿ, ಒಂದು ಬಿಗಿ, ಒಂದು ಸಡಿಲ. ಜಾರದೆ ಇರಬೇಕಾದರೆ ಬಿಗಿ ಬದಿ ಸಡಿಲ ಬದಿಯ ಎಷ್ಟು ಪಟ್ಟಿನವರೆಗೆ ಹೋಗಬಹುದು ಅನ್ನುವುದಕ್ಕೆ ಒಂದು ಸೂತ್ರ ಇದೆ. 18ನೇ ಶತಮಾನದ ಗಣಿತಜ್ಞ ಯೂಲರ್ ಕೊಟ್ಟದ್ದು. ಅದರಲ್ಲಿ ಬರುವುದು ಎರಡೇ, ಘರ್ಷಣೆಯ ಗುಣಾಂಕ (ಎರಡು ಮೈ ಎಷ್ಟು ಹಿಡಿದುಕೊಳ್ಳುತ್ತವೆ ಅನ್ನುವ ಸಂಖ್ಯೆ) ಮತ್ತು ಬೆಲ್ಟ್ ಪುಲ್ಲಿಯನ್ನು ಅಪ್ಪಿಕೊಂಡಿರುವ ಕೋನ. ಇವೆರಡರ ಗುಣಲಬ್ಧ ಏರಿದಂತೆ ಹಿಡಿತ ಚಕ್ರಬಡ್ಡಿಯ ಲೆಕ್ಕದಲ್ಲಿ ಏರುತ್ತದೆ.

ತೋಟದಲ್ಲಿ ಮರ ಕಪಾತು ಮಾಡುವವರಿಗೆ ಈ ಸೂತ್ರ ಕೈಯಲ್ಲೇ ಇದೆ. ಸಿಲ್ವರ್ ಓಕ್‌ನ ದೊಡ್ಡ ಕೊಂಬೆಯನ್ನು ಕಾಫಿ ಗಿಡದ ಮೇಲೆ ಬೀಳಿಸದೆ ಇಳಿಸಬೇಕಾದರೆ ಹಗ್ಗವನ್ನು ಪಕ್ಕದ ಮರದ ಬುಡಕ್ಕೆ ಸುತ್ತುತ್ತಾರೆ. ಗುಣಾಂಕ 0.3 ಅಂತ ಹಿಡಿದರೆ ಒಂದು ಸುತ್ತಿಗೆ ಹಿಡಿತ ಆರೂವರೆ ಪಟ್ಟು, ಎರಡು ಸುತ್ತಿಗೆ 40 ಪಟ್ಟಿಗೂ ಜಾಸ್ತಿ. ಮೂರು ಆಳು ಎತ್ತಲಾಗದ ಕೊಂಬೆಯನ್ನು ಒಬ್ಬನೇ ನಿಂತು ಹಗ್ಗ ಬಿಡುತ್ತಾ ಇಳಿಸುತ್ತಾನೆ. ಬಲ ಅವನದ್ದಲ್ಲ, ಮರದ ತೊಗಟೆಯದ್ದು.

ನಮ್ಮ ಮೋಟರ್ ಪುಲ್ಲಿ 3 ಇಂಚು, ಡ್ರಮ್ಮಿನ ಚಕ್ರ 24 ಇಂಚು, ಎರಡರ ನಡುವೆ 24 ಇಂಚು ದೂರ. ಹೀಗೆ ಒಂದು ಸಣ್ಣದು ಒಂದು ದೊಡ್ಡದು ಹತ್ತಿರ ಇದ್ದರೆ ಬೆಲ್ಟ್ ಸಣ್ಣದರ ಮೇಲೆ ಅರ್ಧ ಸುತ್ತೂ ಕೂರುವುದಿಲ್ಲ. 180 ಡಿಗ್ರಿಯ ಬದಲು 128. ಗುಣಾಂಕ 0.3 ಇಟ್ಟುಕೊಂಡರೆ, ತಳದ ಮೇಲೆ ಓಡುವ ಬೆಲ್ಟ್‌ಗೆ ಪಟ್ಟು ಬರುವುದು ಸುಮಾರು 2. ಗೋಡೆಯ ನಡುವೆ ಸರಿಯಾಗಿ ಕೂತರೆ 34 ಡಿಗ್ರಿ ಕಾಲುವೆಯಲ್ಲಿ ಬೆಣೆಯ ಪರಿಣಾಮ ಹಿಡಿತವನ್ನು ಮೂರು ಪಟ್ಟಿಗೂ ಹೆಚ್ಚು ಮಾಡಿ, ಆ ಸಂಖ್ಯೆ ಸುಮಾರು 10ಕ್ಕೆ ಏರುತ್ತದೆ. ಅದೇ ಬೆಲ್ಟ್ ಮೇಲೆ ಪಲ್ಪರ್‌ನ ನೀರು ಸಿಡಿದು ಗುಣಾಂಕ ಅರ್ಧವಾದರೆ 10 ಹೋಗಿ 3ಕ್ಕೆ ಇಳಿಯುತ್ತದೆ. ರಬ್ಬರ್ ಅಮಾಂಟನ್‌ನ ನಿಯಮವನ್ನು ಅಕ್ಷರಶಃ ಪಾಲಿಸುವ ವಸ್ತು ಅಲ್ಲ, ಆದ್ದರಿಂದ ಇವು ಅಂದಾಜು. ಆದರೆ ಯಾವುದು ದೊಡ್ಡದು ಯಾವುದು ಸಣ್ಣದು ಅನ್ನುವುದು ಬದಲಾಗುವುದಿಲ್ಲ.

ಈಗ ಬುಷ್‌ಗೆ ಬನ್ನಿ. 1 ಎಚ್‌ಪಿ ಮೋಟರ್, ನಿಮಿಷಕ್ಕೆ 1440 ಸುತ್ತು, 3 ಇಂಚು ಪುಲ್ಲಿ. ಬೆಲ್ಟ್ ಸೆಕೆಂಡಿಗೆ ಆರು ಮೀಟರಿನ ಹತ್ತಿರ ಓಡುತ್ತದೆ. ಪೂರ್ತಿ ಶಕ್ತಿ ಸಾಗಿಸಲು ಬೇಕಾದ ಎಳೆತ 13 ಕೆಜಿ ಮಾತ್ರ. ಬಿಗಿ ಬದಿಯಲ್ಲಿ ಸಡಿಲ ಬದಿಗಿಂತ 13 ಕೆಜಿ ಜಾಸ್ತಿ ಇದ್ದರೆ ಆಯಿತು. ಪಟ್ಟು 2 ಇರುವಾಗ ಇದನ್ನು ಪಡೆಯಲು ಬಿಗಿ ಬದಿ 26, ಸಡಿಲ ಬದಿ 13 ಇರಬೇಕು. ಎರಡೂ ಸೇರಿ ಶಾಫ್ಟನ್ನು ಮೋಟರ್ ಕಡೆಗೆ 39 ಕೆಜಿಯಲ್ಲಿ ಎಳೆಯುತ್ತವೆ. ಪಟ್ಟು 10 ಸಿಗುವ ಪುಲ್ಲಿಯಲ್ಲೂ ಜಾರುವ ಅಂಚಿನವರೆಗೆ ಹೋಗುವುದು ಬೇಡ, 5ಕ್ಕೆ ನಿಲ್ಲಿಸೋಣ. ಆಗ ಬಿಗಿ ಬದಿ 16, ಸಡಿಲ ಬದಿ 3 ಚಿಲ್ಲರೆ. ಒಟ್ಟು 20 ಕೆಜಿ. ಅದೇ ಕೆಲಸ, ಬುಷ್ ಮೇಲೆ ಅರ್ಧ ಎಳೆತ.

ದೊಡ್ಡಪ್ಪನಿಗೆ ಇದನ್ನು ಪೇಪರ್ ಮೇಲೆ ಬರೆದು ತೋರಿಸಿದೆ. ಬಿಗಿ ಮಾಡಿ ಪಡೆಯುವ ಹಿಡಿತಕ್ಕೆ ಬುಷ್ ಬೆಲೆ ಕೊಡುತ್ತದೆ. ಪುಲ್ಲಿಯ ಆಕಾರದಿಂದ ಮತ್ತು ಅಪ್ಪುಗೆಯ ಕೋನದಿಂದ ಪಡೆಯುವ ಹಿಡಿತಕ್ಕೆ ಯಾರೂ ಬೆಲೆ ಕೊಡಬೇಕಾಗಿಲ್ಲ. ಬುಷ್‌ನ ಬಿಸಿಯ ಲೆಕ್ಕವೂ ಹಾಕಿದೆವು. ಒಣಗಿದ ಬುಷ್, ಡ್ರಮ್ಮಿನ ಪಾಲಿನ ಭಾರ ಮತ್ತು ಆ ಎಳೆತ ಎರಡೂ ಸೇರಿದರೆ 50 ವ್ಯಾಟ್ ಹತ್ತಿರ ಬಿಸಿ ಹುಟ್ಟುತ್ತಿತ್ತು. ಗ್ರೀಸ್ ಇದ್ದು ಎಳೆತ ಇಳಿದರೆ 15 ವ್ಯಾಟ್‌ನ ಒಳಗೆ.

ಹಾಗಾಗಿ ಮಾಡಿದ್ದು ಇಷ್ಟು. ಮೋಟರ್ ಪುಲ್ಲಿ ಹೊಸದು. ಕೊಳ್ಳುವಾಗ ಗಮನಿಸಿ, ಸಣ್ಣ ಪುಲ್ಲಿಯ ಕಾಲುವೆ 34 ಡಿಗ್ರಿ ಇರುತ್ತದೆ, ದೊಡ್ಡದರದ್ದು 38. ಬೆಲ್ಟ್ ಸಣ್ಣ ಚಕ್ರಕ್ಕೆ ಬಾಗುವಾಗ ಅದರ ಒಳಮೈ ಹಿಗ್ಗಿ ಕೋನ ಕಿರಿದಾಗುತ್ತದೆ, ಅದಕ್ಕೇ ಈ ವ್ಯತ್ಯಾಸ. ಮೋಟರಿನ ಕಟ್ಟೆಯನ್ನು ಹಿಂದಕ್ಕೆ ಸರಿಸಿ ದೂರವನ್ನು 30 ಇಂಚು ಮಾಡಿದೆ. ಅಪ್ಪುಗೆ 128ರಿಂದ 139 ಡಿಗ್ರಿಗೆ ಏರಿತು. ಬೆಲ್ಟ್ ಎ-105 (ಎ ಅಳತೆಯ, 105 ಇಂಚಿನದ್ದು) ಬಂತು. ಎರಡು ಪುಲ್ಲಿ ಒಂದೇ ಗೆರೆಯಲ್ಲಿ ಇವೆಯಾ ಅಂತ ದಾರ ಹಿಡಿದು ನೋಡಿ ಮೋಟರ್ ಕೂರಿಸಿದೆ. ಓರೆ ಇದ್ದರೆ ಒಂದೇ ಗೋಡೆ ಸವೆಯುತ್ತದೆ. ಬಿಗಿ ಎಷ್ಟು ಅನ್ನುವುದಕ್ಕೆ ಸುಲಭ ಅಳತೆ, ಎರಡು ಪುಲ್ಲಿ ನಡುವಿನ ಬೆಲ್ಟ್‌ನ ಉದ್ದಕ್ಕೆ ಇಂಚಿಗೆ ಇಂಚಿನ 64ನೇ ಒಂದು ಭಾಗ ಬಾಗಬೇಕು. ನಮಗೆ 28 ಇಂಚು, ನಡುವೆ ಹೆಬ್ಬೆರಳು ಒತ್ತಿದರೆ 11 ಮಿಲಿಮೀಟರ್. ಹೊಸ ಬೆಲ್ಟ್ ಮೊದಲ ದಿನ ಓಡಿದ ಮೇಲೆ ಹಿಗ್ಗುತ್ತದೆ, ಮರುದಿನ ಮತ್ತೆ ನೋಡಬೇಕು. ರಾಳದ ಪುಡಿ ಹಾಕಿ ಅಂತ ಕೆಲವರು ಹೇಳುತ್ತಾರೆ. ಹಳೆಯ ಚಪ್ಪಟೆ ಬೆಲ್ಟ್‌ಗಳಿಗೆ ಅದನ್ನು ಹಾಕುತ್ತಿದ್ದರು. ವಿ ಬೆಲ್ಟ್‌ಗೆ ಬೇಡ, ಧೂಳು ಅಂಟಿ ಗೋಡೆ ತಿನ್ನುತ್ತದೆ. ಅದರ ಬದಲು ನೀರು ಸಿಡಿಯದ ಹಾಗೆ ಡ್ರಮ್ಮಿಗೂ ಬೆಲ್ಟ್‌ಗೂ ನಡುವೆ ಒಂದು ತಗಡು ಅಡ್ಡ ಹಾಕಿದೆ.

ಪಲ್ಪರ್ ಮನೆಯ ನೆಲವನ್ನೂ ಇದೇ ಸಮಯದಲ್ಲಿ ಸರಿ ಮಾಡಿದೆವು. ಸಿಮೆಂಟ್ ನೆಲ, ಅದರ ಮೇಲೆ ಲೋಳೆ ಮತ್ತು ನೀರು. ಬುಟ್ಟಿ ಹೊತ್ತುಕೊಂಡು ಬರುವ ಹೆಂಗಸರು ಗೋಡೆ ಹಿಡಿದು ನಡೆಯುತ್ತಿದ್ದರು. ಬುಷ್‌ನೊಳಗೆ ನಮಗೆ ಬೇಕಾದ ಪೊರೆಯೇ ಇಲ್ಲಿ ಕಾಲಿನ ಅಡಿ ಬಂದು ಕೂರುತ್ತದೆ. ನೆಲವನ್ನು ಸುಮ್ನೆ ಒರಟು ಮಾಡಿದರೆ ಸಾಲದು, ಆ ನೀರಿಗೆ ಹೋಗೋಕೆ ದಾರಿ ಬೇಕು. ಉಳಿಯಿಂದ ನಡೆಯುವ ದಿಕ್ಕಿಗೆ ಅಡ್ಡಲಾಗಿ ಗೆರೆ ಹೊಡೆದು, ಎಲ್ಲ ಗೆರೆಗಳನ್ನು ಚರಂಡಿಗೆ ಇಳಿಜಾರು ಮಾಡಿದೆವು. ಟಯರಿನ ಹಲ್ಲುಗಳು ಮಾಡುವುದೂ ಇದನ್ನೇ, ಒತ್ತಿದಾಗ ನೀರು ಪಕ್ಕಕ್ಕೆ ಹೋಗಿ ರಬ್ಬರ್ ನೆಲಕ್ಕೆ ತಾಗುತ್ತದೆ. ನನಗೆ ಕೇಳಿದರೆ ಇಡೀ ರಿಪೇರಿಯಲ್ಲಿ ಮೊದಲು ಮಾಡಬೇಕಾದ ಕೆಲಸ ಇದೇ. ಯಂತ್ರ ನಿಂತರೆ ಹಣ್ಣು ಹಾಳಾಗಬಹುದು, ಜಾರಿ ಬಿದ್ದರೆ ಸೊಂಟ ಮುರಿಯುತ್ತದೆ.

ಮತ್ತೆ ಓಡಿಸಿದಾಗ ಬೆಲ್ಟ್‌ನ ಸದ್ದೇ ಇಲ್ಲ. ಹಣ್ಣು ಸುರಿದರೂ ಡ್ರಮ್ ವೇಗ ಇಳಿಸಲಿಲ್ಲ. ಒಂದು ಗಂಟೆಯ ಮೇಲೆ ಬುಷ್ ಮುಟ್ಟಿದರೆ ಬೆಚ್ಚಗೆ, ಅಷ್ಟೇ.

ಡ್ರಮ್ ಒಂದೇ ವೇಗದಲ್ಲಿ ತಿರುಗುವುದರಿಂದ ಈಗ ಸಂದಿಯನ್ನೂ ಸರಿಯಾಗಿ ಹೊಂದಿಸಬಹುದು. ಒಂದು ಹಿಡಿ ಹಣ್ಣು ಹಾಕಿ ಕೆಳಗೆ ಬಂದದ್ದನ್ನು ತಟ್ಟೆಯಲ್ಲಿ ಹರಡಿ ನೋಡುತ್ತೇನೆ. ಸಿಪ್ಪೆ ಬಿಡದ ಹಣ್ಣು ಕಂಡರೆ ಸಂದಿ ಜಾಸ್ತಿ. ಬೀಜದ ಮೈ ಕಚ್ಚಿದ್ದರೆ ಕಡಿಮೆ. ಕಚ್ಚಿದ ಬೀಜ ಹುದುಗುವಾಗ ಕಪ್ಪಾಗುತ್ತದೆ, ಗ್ರೇಡಿಂಗ್‌ನಲ್ಲಿ ಹೋಗುತ್ತದೆ. ಆದ್ದರಿಂದ ಸ್ವಲ್ಪ ಸಿಪ್ಪೆ ಉಳಿದರೂ ಪರವಾಗಿಲ್ಲ, ಬೀಜ ಕಚ್ಚುವುದು ಬೇಡ ಅನ್ನುವ ಕಡೆಗೇ ತಿರುಪು ನಿಲ್ಲಿಸುತ್ತೇನೆ.

ಲೋಳೆ ಬಿಡಿಸಲು ತೊಟ್ಟಿಯಲ್ಲಿ ಅರೇಬಿಕಾಗೆ 24ರಿಂದ 36 ಗಂಟೆ ಬೇಕು, ಚಳಿ ಜಾಸ್ತಿ ಇದ್ದರೆ ಇನ್ನೂ ಹಿಡಿಯುತ್ತದೆ. ಗಡಿಯಾರಕ್ಕಿಂತ ಕೈ ನಂಬುವುದು ಒಳ್ಳೆಯದು. ಒಂದು ಹಿಡಿ ಬೀಜ ತೊಳೆದು ಎರಡು ಅಂಗೈ ನಡುವೆ ಉಜ್ಜಬೇಕು. ಲೋಳೆ ಇದ್ದರೆ ಬೀಜ ಮೀನಿನಂತೆ ನುಣುಚಿಕೊಳ್ಳುತ್ತದೆ. ಹೋಗಿದ್ದರೆ ಗರಗರ ಅನ್ನುತ್ತದೆ, ಬೀಜಕ್ಕೆ ಬೀಜ ಕಚ್ಚಿಕೊಳ್ಳುತ್ತದೆ. ದೊಡ್ಡಪ್ಪ ಇನ್ನೊಂದು ಮಾಡುತ್ತಾರೆ. ತೊಟ್ಟಿಯೊಳಗೆ ಒಂದು ಕೋಲು ಚುಚ್ಚಿ ಎಳೆಯುತ್ತಾರೆ. ಲೋಳೆ ಇನ್ನೂ ಇದ್ದರೆ ಬೀಜಗಳು ಒಂದರ ಮೇಲೊಂದು ಜಾರಿ ತೂತು ಮುಚ್ಚಿಹೋಗುತ್ತದೆ. ಹುದುಗು ಮುಗಿದಿದ್ದರೆ ತೂತು ಹಾಗೇ ನಿಲ್ಲುತ್ತದೆ, ಬೀಜಗಳು ಪರಸ್ಪರ ತಡೆದು ಗೋಡೆ ಕಟ್ಟಿದಂತೆ ನಿಂತಿರುತ್ತವೆ. ಈ ಸಲ ಮೊದಲ ತೊಟ್ಟಿಗೆ ಅವರು ಕೋಲು ಎಳೆದಾಗ ನಾನು ಬಗ್ಗಿ ನೋಡಿದೆ, ತೂತಿನ ತಳದ ನೀರು ಕಾಣುತ್ತಿತ್ತು. ಅದೇ ಹೊತ್ತಿಗೆ ತೊಳೆಯಲು ಬಿಟ್ಟೆವು.

ಇನ್ನೂ ಎರಡು ಕೆಲಸ ಬಾಕಿ ಇದೆ. ಬೆಲ್ಟ್‌ಗೆ ಸುತ್ತಲೂ ಜಾಲರಿ ಕವಚ ಮಾಡಿಸಬೇಕು, ಶಾಲು ಸೀರೆ ಸೆರಗು ಹತ್ತಿರ ಬರುವ ಜಾಗ ಅದು. ಇನ್ನೊಂದು ಬದಿಯ ಬುಷ್ ಈ ವರ್ಷ ಓಡುತ್ತದೆ, ಆದರೆ ಅದರ ಗ್ರೀಸ್ ಗಾಡಿಯೂ ತಪ್ಪು ಕಡೆ ಇದೆ. ಫೆಬ್ರವರಿಯಲ್ಲಿ ರೋಬಸ್ಟಾ ಮುಗಿದ ಮೇಲೆ ಅದನ್ನೂ ಲೇತ್‌ಗೆ ಒಯ್ಯುತ್ತೇನೆ.